ಯಮುನತ್ತೆ ಮನೆಯ ಮಂಜಿನ ಪಾಲು

ತೇಲೂರು, ಹೊನ್ನಾವರದಾಚೆ ಸಮುದ್ರ
ಫೆಬ್ರವರಿ ೩೦, ೨೩೪೭

ವೆಬ್ ಆಪ್ ಕಟ್ಟೋ ಹಳೇ ಕಾಲದ ಅಣ್ಣಂದಿರಿಗೂ ಅಕ್ಕಂದಿರಿಗೂ ಉಮಾಕಾಂತ ಹರಿಕಂತ್ರ ಮಾಡೋ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಪಾಪ, ಫೆಬ್ರವರಿ ಒಂದೇ ಯಾಕೆ ಕುಳ್ಳಗಿರ್ಬೇಕು ಅಂತ ನಮ್ಮೋರು ಅದಕ್ಕೂ ಮೂವತ್ತು ದಿನ ಕೊಟ್ಟು ಬಹಳ ಕಾಲ ಆಯ್ತು. ನನ್ನ ಮಾತು ವಿಚಿತ್ರ ಅನ್ನಿಸಿದ್ರೆ ಕ್ಷಮಿಸಿ. ಓದಿದ್ದು ಹತ್ತನೇ ಕ್ಲಾಸು. ಆಮೇಲೆ ಒಂದು ಕಡೆ ಕೂರೋಕಾಗ್ದೆ ದೋಣಿ ತೊಳ್ದೆ, ಬಲೆ ಹೆಣೆದೆ, ಈಗ ಮೂಟೆ ಕಟ್ತೀನಿ.

ಮೂಟೆ ಅಂದ್ರೆ ಏನು ಅಂತ ಹೇಳ್ಬೇಕು. ನಮ್ಮೂರು ನೀರಿನ ಮೇಲೆ ತೇಲೋ ಊರು. ದೋಣಿ ಎಲ್ಲಿ ಕಟ್ಟೋದು, ಉಬ್ಬರ ಯಾವಾಗ, ಗಾಳಿ ಯಾವ ಕಡೆ, ಎಲ್ಲ ಹೇಳೋಕೆ ಒಂದು ಆಪ್ ಇದೆ. ಅದಕ್ಕೆ ನಾವು ಜಗಲಿ ಅಂತೀವಿ. ಅದನ್ನ ಒಬ್ರೇ ಬರೆದಿಲ್ಲ. ಒಂದೊಂದು ಮನೆಯೋರು ಒಂದೊಂದು ಪಾಲು ಸಾಕ್ತಾರೆ, ಕೋಳಿ ಸಾಕಿದ ಹಾಗೆ. ಉಬ್ಬರದ ಪಾಲು ಹಿರೀಕ ಪುರ್ಸಣ್ಣನ ಮನೇದು, ಗಾಳಿ ಪಾಲು ನಮ್ಮನೇದು, ಮಂಜು ಮುಸುಕಿದಾಗ ದೋಣಿಗಳಿಗೆ ಎಚ್ಚರಿಕೆ ಕೂಗೋ ಮಂಜಿನ ಪಾಲು ಯಮುನತ್ತೇದು, ಅದರಲ್ಲಿ ದನೀನೂ ಅವಳದೇ. ಸಂಬಂಧ ನೋಡೋಕೆ ಹೋದ್ರೂ ಮೊದ್ಲು ಕೇಳೋದು ನಿಮ್ಮನೇಲಿ ಯಾವ ಪಾಲು ಅಂತ. ಹೊಸ ಊರು ತೇಲಿಬಿಡೋವಾಗ ಎಲ್ಲ ಪಾಲೂ ಸೇರಿಸಿ, ಯಾವುದಕ್ಕೆ ಯಾವುದು ಬೇಕು ನೋಡಿ, ಒಂದೇ ಗಂಟು ಮಾಡಿ ದೋಣಿಗೆ ಹಾಕ್ತೀವಿ. ಅದೇ ಮೂಟೆ. ಅಷ್ಟು ದೂರಕ್ಕೆ ನೆಟ್‌ವರ್ಕ್ ಹೋಗಲ್ಲ. ಮೂಟೇಲಿದ್ರೆ ಇದೆ, ಇಲ್ದಿದ್ರೆ ಇಲ್ಲ.

ಮೂಟೆ ಕಟ್ಟಿದೋನೇ ಅದರ ಜೊತೆ ಹೊಸೂರಿಗೆ ಹೋಗ್ಬೇಕು ಅನ್ನೋದು ಪದ್ಧತಿ. ಈ ಸಲ ನಮ್ಮ ಲೋಲಾಕ್ಷಕ್ಕನ ಸಂಸಾರ ಹೋಗ್ತಿತ್ತು. ನನಗೂ ಹೋಗ್ಲೇಬೇಕು ಅಂತ ಜೀವ ಬಡ್ಕೊತಿತ್ತು. ಆದ್ರೆ ಮೂಟೆ ಮೊದ್ಲು ಬರಿಗೂಡಲ್ಲಿ ಬಿಚ್ಕೋಬೇಕು. ಬರಿಗೂಡು ಅಂದ್ರೆ ಎಲ್ಲ ಅಳಿಸಿಟ್ಟ ಮಿಷನ್ನು, ನಮ್ಮೂರಿನ ವಾಸನೇನೂ ಇಲ್ದಿರೋದು. ಅಂಗಳದಲ್ಲಿ ಅದನ್ನಿಟ್ಟು ಊರೆಲ್ಲ ಸುತ್ತ ಊಟಕ್ಕೆ ಕೂರುತ್ತೆ. ತಪ್ಪು ಬಂದ್ರೆ ಊಟದ ಎಲೆ ಎತ್ತೋದ್ರೊಳಗೆ ಸರಿ ಮಾಡ್ಬೇಕು. ಆಗ್ಲಿಲ್ಲ ಅಂದ್ರೆ ಬೇರೆಯೋರು ಕಟ್ತಾರೆ, ಹೋಗೋರೂ ಅವ್ರೇ.

ಮೊನ್ನೆ ನನ್ನ ಮೂಟೆ ಚೆನ್ನಾಗೇ ಬಿಚ್ಕೊಳ್ತು. ಉಬ್ಬರ ಬಂತು, ಗಾಳಿ ಬಂತು, ಅಕ್ಕ ಕಣ್ಣಲ್ಲೇ ನಕ್ಕಳು. ಅಷ್ಟೊತ್ತಿಗೆ ಯಮುನತ್ತೆ ಕೊಟ್ಟೆ ಕಡುಬು ಬೇಯಿಸೋ ಪಾತ್ರೆ, ನಮ್ಮ ಕಡೆ ಅಟ್ಟ ಅಂತೀವಿ, ಅದನ್ನ ತಂದು ಮಿಷನ್ನಿನ ಪಕ್ಕದಲ್ಲೇ ಮುಚ್ಚಳ ತೆಗೆದ್ಲು. ಹಬೆ ಭಗ್ಗಂತ ಎದ್ದು ಹವಾ ನೋಡೋ ಗಾಜಿಗೆ ಬಡೀತು. ಜಗಲಿ ಮಂಜು ಬಿತ್ತು ಅಂದ್ಕೊಂಡು ಮಂಜಿನ ಪಾಲು ಹುಡುಕ್ತು. ಅದು ಇರ್ಲೇ ಇಲ್ಲ. ಪರದೆ ಬೆಳ್ಳಗಾಯ್ತು, ಅತ್ತೆ ಕಡುಬಿನ ಹಾಗೆ.

ಆಗಿದ್ದಿಷ್ಟು. ನಮ್ಮ ಕಟ್ಟೋ ಯಂತ್ರದಲ್ಲಿ ಮೊರ ಅಂತ ಒಂದಿದೆ. ಯಾರೂ ಬಳಸದ ಪಾಲನ್ನ ಹೊಟ್ಟು ಅಂತ ಹಾರಿಸುತ್ತೆ, ಮೂಟೆ ಹಗುರ ಆಗ್ಲಿ ಅಂತ. ನಿಮ್ಮ ಕಾಲದೋರು ಇದಕ್ಕೆ, ಒಣಗಿದೆಲೆ ಉದುರ್ಲಿ ಅಂತ ಮರ ಅಲ್ಲಾಡಿಸೋದು, ಟ್ರೀ ಶೇಕಿಂಗ್, ಅಂತಿದ್ರಂತೆ. ಸಮುದ್ರದ ಮೇಲೆ ನಾವು ಮರ ಎಲ್ಲಿಂದ ತರೋಣ. ಮಂಜಿನ ಪಾಲಿನ ಹೆಸರು ಮೊದಲೇ ಎಲ್ಲೂ ಬರೆದಿರಲ್ಲ, ಮಂಜು ಬಿದ್ದ ಗಳಿಗೇಲಿ ಮಾತ್ರ ಜಗಲಿ ಅದನ್ನ ಕರೆಯುತ್ತೆ. ಮೊರಕ್ಕೆ ಅದು ಹೊಟ್ಟಿನ ಥರ ಕಂಡಿದೆ. ಹಾಗೇ ಹೋಗಿದ್ರೆ ಮೊದಲನೇ ಮಂಜಿಗೇ ಅಕ್ಕನ ದೋಣಿ ಯಾವುದಕ್ಕೋ ಬಡೀತಿತ್ತು.

ಅತ್ತೆ ಸೊಂಟಕ್ಕೆ ಕೈ ಇಟ್ಕೊಂಡು, ಏನೋ ಉಮಾ, ನಮ್ಮನೆ ಪಾಲು ನಿನಗೆ ಹೊಟ್ಟೇನೋ, ನಿಮ್ಮನೆ ಗಾಳೀನೇ ಊಟ ಮಾಡ್ಕೊಂಡಿರು ಹಾಗಾದ್ರೆ ಅಂದ್ಲು. ಎಲ್ರೂ ನಕ್ರು. ನಾನು ಕಟ್ಟೋ ಯಂತ್ರದ ಮುಂದೆ ಕೂತೆ. ಯಾರು ಬಳಸ್ಲಿ ಬಿಡ್ಲಿ ಈ ಪಾಲು ಇರ್ಲಿ ಅಂತ ಮೊರಕ್ಕೆ ಒಂದು ಸಾಲು ಬರೆದು ಮತ್ತೆ ಕಟ್ಟೋಕೆ ಬಿಟ್ಟೆ. ನಮ್ಮ ಯಂತ್ರ ಮುದಿ ಎಮ್ಮೆ, ಹೊಡೆದ್ರೂ ಓಡಲ್ಲ. ಊಟ ಆಗ್ಲೇ ಮಜ್ಜಿಗೆಗೆ ಬಂದಿತ್ತು.

ಆಗ ಪುರ್ಸಣ್ಣ ಮಜ್ಜಿಗೆ ಪಕ್ಕಕ್ಕೆ ಸರಿಸಿ, ಯಮುನಾ, ಇನ್ನೊಂದು ಕಡುಬು ಹಾಕು ಅಂದ. ಪಕ್ಕದೋರು ನಮಗೂ ಅಂದ್ರು. ಒಂದೇ ಉಸಿರಿಗೆ ಉಂಡು ಏಳೋ ನಮ್ಮ ಜನ ಕಡುಬನ್ನ ಚೂರು ಚೂರು ಮಾಡಿ, ಸಾರಲ್ಲಿ ಅದ್ದಿ, ನೆನ್ಸಿ, ಹಲ್ಲಿಲ್ಲದೋರ ಹಾಗೆ ತಿಂತಾ ಕೂತ್ರು. ಅಟ್ಟ ಖಾಲಿ ಆಯ್ತು. ಅತ್ತೆ ಯಾರಿಗೂ ಹೇಳ್ದೆ ಒಳಗೆ ಹೋಗಿ ಇನ್ನೊಂದು ಅಟ್ಟ ಇಟ್ಲು. ಅದು ಬೆಂದು ಬರೋ ತನಕ ಒಂದು ಎಲೆನೂ ಏಳ್ಲಿಲ್ಲ. ಹೊಸ ಮೂಟೆ ಬರಿಗೂಡಲ್ಲಿ ಬಿಚ್ಚಿದ್ಮೇಲೆ ಅತ್ತೇನೇ ಮುಚ್ಚಳ ತೆಗೆದು ಹಬೆ ಬಿಟ್ಲು. ದೋಣಿಗಳೇ ನಿಧಾನ, ಎದುರಿಗೆ ಜನ ಇದ್ದಾರೆ ಅಂತ ಜಗಲಿ ಅತ್ತೆ ದನೀಲೇ ಕೂಗ್ತು.

ನಿಮ್ಮ ಹತ್ರ ಕೇಳ್ಕೊಳ್ಳೋದು ಒಂದೇ. ಮೂಟೆ ಹಗುರ ಮಾಡಿ, ಬೇಡ ಅನ್ನಲ್ಲ. ಕಟ್ಟಿದ್ಮೇಲೆ ಬರಿಗೂಡಲ್ಲಿ ಬಿಚ್ಚಿ, ಪಕ್ಕದಲ್ಲಿ ಯಾರಾದ್ರೂ ಕಡುಬು ಬೇಯಿಸ್ಲಿ.

ದೋಣಿ ಹಗ್ಗ ಬಿಚ್ತಾ ಇದ್ದಾರೆ, ಅಕ್ಕ ಕೂಗ್ತಿದ್ದಾಳೆ. ಅತ್ತೆ ದಾರಿಗೆ ಬುತ್ತಿ ತಂದು ಮಡಿಲಿಗೆ ಹಾಕಿ, ಇದನ್ನಾದ್ರೂ ಮೊರಕ್ಕೆ ಹಾಕ್ಬೇಡ ಅಂದು ಹೋದ್ಲು. ಇನ್ನೂ ಬಿಸಿ ಇದೆ.

ನಿಮ್ಮ
ಉಮಾಕಾಂತ