ಮರುದಿನದ ಬಾದುಷಾ

ಗುಬ್ಬಿ
13 ನವೆಂಬರ್ 2025, ಗುರುವಾರ

ಕಿಟ್ಟಿ,

ತಮ್ಮನಿಗೆ ಬರೆಯುವ ಕಾಗದದಲ್ಲಿ ಮೊದಲು ಆಶೀರ್ವಾದ ಇರಬೇಕು. ನನಗೆ ಕೈ ಬರುತ್ತಿಲ್ಲ. ಬರೆದು ಮುಗಿಸುವ ಹೊತ್ತಿಗೆ ಮನಸ್ಸು ಬಂದರೆ ಕೆಳಗೆ ಸೇರಿಸುತ್ತೇನೆ, ಇಲ್ಲದಿದ್ದರೆ ಇಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡ. ಫೋನು ಮಾಡಿದರೆ ನೀನು ಅಳುತ್ತೀಯ. ನೀನು ಅತ್ತರೆ ನಾನು ಕರಗುತ್ತೇನೆ, ಅದು ನಿನಗೂ ಗೊತ್ತು. ಮನೆಗೆ ಕಳಿಸದೆ ತುಮಕೂರು ಶಿರಾ ಗೇಟಿನ ನಿನ್ನ ಅಂಗಡಿಗೇ ಕಳಿಸುತ್ತಿದ್ದೇನೆ. ಪಂಪ್‌ಸೆಟ್ಟು, ಪೈಪು ಕೊಳ್ಳಲು ಬಂದವರಿಗೆ "ಬನ್ನಿ ಯಜಮಾನ್ರೆ, ಕೂತ್ಕೊಳಿ, ಟೀ ಕುಡೀರಿ" ಎನ್ನುತ್ತೀಯಲ್ಲ, ಆ ಕುರ್ಚಿಯಲ್ಲೇ ಕೂತು ಓದು. ಇಡೀ ರಸ್ತೆಯಲ್ಲಿ ನಿನ್ನಷ್ಟು ಮೆತ್ತಗೆ ಮಾತಾಡುವ ಅಂಗಡಿಯವನು ಇಲ್ಲವಂತೆ. ನಮ್ಮಪ್ಪನಿಗೂ ಅಂಥದೇ ಹೆಸರಿತ್ತು. ಕೊತ್ತಗೆರೆಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಲಕ್ಷ್ಮೀನರಸಿಂಹಯ್ಯನವರೇ ಬಂದು ನ್ಯಾಯ ಹೇಳಬೇಕಿತ್ತು.

ಬಿಂದುಶ್ರೀ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದು ಎರಡು ವಾರವಾಗುತ್ತ ಬಂತು. ನಿನ್ನ ಹೆಂಡತಿಯ ಎಡಗೈ ಮೂಳೆ ಬಿರುಕು ಬಿಟ್ಟಿದೆ, ಪ್ಲಾಸ್ಟರ್ ಹಾಕಿದ್ದಾರೆ. ಬಂದವಳು ನನಗೂ "ಬಚ್ಚಲಲ್ಲಿ ಜಾರ್‌ಬಿಟ್ಟೆ ಅತ್ತಿಗೆ" ಅಂತಲೇ ಹೇಳಿದಳು. ನಮ್ಮಮ್ಮನೂ ವರ್ಷದಲ್ಲಿ ಎಷ್ಟೋ ಸಲ ಬಚ್ಚಲಲ್ಲಿ ಜಾರುತ್ತಿದ್ದಳು. ನಮ್ಮ ವಂಶದ ಬಚ್ಚಲುಗಳೇ ಹಾಗೆ. ನಿಜ ಬಾಯಿಗೆ ಬರಲು ಅವಳಿಗೆ ಮೂರು ದಿನ ಬೇಕಾಯಿತು.

ನಿನ್ನ ಜೊತೆ ಇದ್ದ ಅಮ್ಮನೂ ತೋಟದಲ್ಲಿ ಕಾಯಿ ಕೀಳಿಸಬೇಕೆಂದು ಕೊತ್ತಗೆರೆಗೆ ಹೋದಳಂತೆ. "ಹೆಂಡ್ತಿ ಬುಟ್ಟೋದ್ಲು, ಹೆತ್ತೋಳೂ ಬುಟ್ಟೋದ್ಲು" ಅಂತ ಪುಟ್ಟರಂಗಯ್ಯ ದೊಡ್ಡಪ್ಪನ ಮುಂದೆ ಗೋಳಾಡಿದೆಯಂತೆ. ಭಾನುವಾರ ಅವರನ್ನು ಮುಂದಿಟ್ಟುಕೊಂಡು ರಾಜಿಗೆ ಬರುತ್ತೀಯಂತೆ. ದೊಡ್ಡಪ್ಪ ನನಗೆ ಫೋನು ಮಾಡಿ, "ಗಂಡ ಹೆಂಡ್ರು ಜಗಳ ಉಂಡು ಮಲಗೋ ಗಂಟ ಕಣವ್ವ, ದೊಡ್ದು ಮಾಡ್ಬ್ಯಾಡ" ಅಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಗಾದೆಯನ್ನೂ ಹಿರಿಯರೇ ಮಾಡಿಟ್ಟಿದ್ದಾರೆ. ರಾಜಿಗೆ ಬರುವವರಿಗೆ ಅದು ಯಾಕೋ ನೆನಪಿಗೇ ಬರುವುದಿಲ್ಲ.

ಆ ಕೂಸಿನ ವಿಷಯ ಹೇಳುತ್ತೇನೆ, ಕೇಳು.

ಹೋದ ಶನಿವಾರ ಸಂಜೆ ನಿನ್ನ ಭಾವ ರವೀಶ್, ಮನೆಗೆ ಮಗು ಬಂದಿದೆಯೆಂದು ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಿಂದ ಬಾದುಷಾ ತಂದರು. "ಇಂಪು, ಬಾರವ್ವ, ಏನ್ ತಂದಿದೀನಿ ನೋಡು" ಅಂದರು. ಇಂಪನಾ ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಡಬ್ಬಿಯನ್ನೊಮ್ಮೆ ನೋಡಿದಳು. ಅದರ ಹತ್ತಿರ ಹೋಗದೆ ಎದ್ದು ನೇರ ಅಡುಗೆಮನೆಗೆ, ನನ್ನ ಹತ್ತಿರ ಬಂದಳು. ನನ್ನ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿದಳು. ನೈಟಿಯ ತೋಳು ಮೇಲೆ ಸರಿಸಿದಳು. ನನ್ನನ್ನು ಬಗ್ಗಿಸಿಕೊಂಡು ಕೆನ್ನೆ, ಕಿವಿ ಎಲ್ಲ ನೋಡಿದಳು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ ಕೇಳಿದಳು: "ಅತ್ತೆ, ಮಾವ ನಿಂಗೆ ಎಲ್ಲಿಗೆ ಹೊಡುದ್ರು?"

ಮಾವನಿಗೆ ಕೇಳಿಸಿತು. ಮದುವೆಯಾದಾಗಿನಿಂದ ನನ್ನ ಮೇಲೆ ಒಂದು ಸಲವೂ ಕೈ ಎತ್ತದ ಮನುಷ್ಯ, ಡಬ್ಬಿ ಹಿಡಿದುಕೊಂಡೇ ಹೊಸಿಲ ಮೇಲೆ ಕೂತುಬಿಟ್ಟರು. ಯಾಕವ್ವ ಹಾಗೆ ಕೇಳ್ತೀಯ ಅಂದರೆ, ಆರು ವರ್ಷದ ನಿನ್ನ ಮಗಳು ಗೊತ್ತಿಲ್ಲದವರಿಗೆ ಪಾಠ ಹೇಳಿಕೊಡುವ ಹಾಗೆ "ಹೊಡೆದ್ಮೇಲೆ ತಾನೆ ಮಾವ ಸ್ವೀಟ್ ತರೋದು?" ಅಂದಳು.

ಅಂದರೆ ನೀನೂ ತರುತ್ತೀಯ. ಅಪ್ಪನ ಕೈ ನಿನಗೆ ಬಂದಿದೆಯೆಂದು ಬಿಂದು ಹೇಳಿದಾಗ ತಿಳಿಯಿತು. ಅಪ್ಪನ ಪೊಟ್ಟಣವೂ ಬಂದಿದೆಯೆಂದು ನಿನ್ನ ಮಗಳಿಂದ ತಿಳಿಯಿತು.

ನೆನಪಿದೆಯಾ? ಹೊಡೆದ ಮರುದಿನ ಅಪ್ಪ ತಪ್ಪದೆ ಕುಣಿಗಲ್‌ಗೆ ಹೋಗುತ್ತಿದ್ದ. ಸಂಜೆ ಬಸ್ಸಿಳಿದು ಬರುವಾಗ ಅಮ್ಮನಿಗೆ ಒಂದು ಮೊಳ ಮಲ್ಲಿಗೆ, ನಮಗೆ ದಾರ ಸುತ್ತಿದ ಪೊಟ್ಟಣದಲ್ಲಿ ಬಾದುಷಾ. ಹಬ್ಬಕ್ಕೆ ತರದವನು ಅದಕ್ಕೆ ತರುತ್ತಿದ್ದ. ಅಮ್ಮ ಊದಿದ ಮುಖ ಹೊತ್ತುಕೊಂಡೇ ದಾರ ಬಿಚ್ಚಿ ಸಮಪಾಲು ಮಾಡುತ್ತಿದ್ದಳು. ಅಪ್ಪ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸುತ್ತಿದ್ದ. ನಮ್ಮನ್ನು ಅವನು ಮುದ್ದು ಮಾಡುತ್ತಿದ್ದದ್ದು ಆ ಮರುದಿನಗಳಲ್ಲಿ ಮಾತ್ರ.

ಒಂದು ವರ್ಷ ರಾಗಿ ಒಕ್ಕಣೆ ಕಾಲದಲ್ಲಿ ಅಪ್ಪ ಕಣದಲ್ಲೇ ಇರುತ್ತಿದ್ದ, ತುಂಬಾ ದಿನ ಮನೆಯಲ್ಲಿ ಗಲಾಟೆ ಇರಲಿಲ್ಲ. ನೀನಾಗ ಒಂದನೇ ಕ್ಲಾಸು. ಜಗಲಿಯ ಮೇಲೆ ನನ್ನ ಪಕ್ಕ ಕೂತಿದ್ದವನು ಇದ್ದಕ್ಕಿದ್ದಂತೆ "ಅಕ್ಕ, ಅಪ್ಪ ಅಮ್ಮುಂಗೆ ಇನ್ಯಾವಾಗ ಹೊಡಿಯೋದು?" ಅಂತ ಕೇಳಿದೆ. ಬಾದುಷಾ ತಿನ್ನುವ ಆಸೆ ನಿನಗೆ. ಒಳಗೆ ಅಮ್ಮ ಮುದ್ದೆ ತೊಳಸುತ್ತಿದ್ದ ಸದ್ದು ನಿಂತುಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಹಾಗೆ ಕೇಳಿದ ಆ ಹುಡುಗನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಅವನು ಕಂಡದ್ದೇ ಅಷ್ಟು. ನನ್ನ ಸಿಟ್ಟೆಲ್ಲ ಈಗಿನ ನಿನ್ನ ಮೇಲೆ. ಆ ಜಗಲಿ ಹೇಗಿರುತ್ತದೆಂದು ಗೊತ್ತಿದ್ದೂ ಹೆತ್ತ ಮಗಳನ್ನು ತಂದು ಅದರ ಮೇಲೆ ಕೂರಿಸಿದೆಯಲ್ಲೋ!

ಇನ್ನೂ ಒಂದಿದೆ, ಅದನ್ನೂ ಕೇಳಿಬಿಡು. ಮೊನ್ನೆ ಪಕ್ಕದ ಮನೆಯ ಪುಟ್ಟ ಹುಡುಗಿ ಉಝ್ಮಾ ಆಡಲು ಬಂದಿದ್ದಳು. ಬಣ್ಣದ ಪೆನ್ಸಿಲ್ ಬೇಗ ಕೊಡಲಿಲ್ಲವೆಂದು ಇಂಪನಾ ಅವಳ ಕೆನ್ನೆಗೆ ಬಾರಿಸಿದಳು. ನಾನು ಓಡಿ ಹೋಗುವಷ್ಟರಲ್ಲಿ ತನ್ನ ಕೈಯಲ್ಲಿದ್ದ ಬಿಸ್ಕತ್ತನ್ನು ಆ ಮಗುವಿನ ಬಾಯಿಗಿಡುತ್ತ, "ಅಳ್ಬೇಡ ಕಣೇ ಚಿನ್ನ, ನೀನು ಸಿಟ್ಟು ಬರ್ಸಿದ್ದಕ್ಕೆ ತಾನೆ ಹೊಡ್ದಿದ್ದು" ಅನ್ನುತ್ತಿದ್ದಳು. ಬಿಂದು ಪ್ಲಾಸ್ಟರ್ ಕೈಯಿಂದಲೇ ಮುಖ ಮುಚ್ಚಿಕೊಂಡಳು. ಅದು ಯಾರ ಮಾತೆಂದು ನಾನು ಕೇಳಲಿಲ್ಲ.

ಉಝ್ಮಾಳ ತಾಯಿ ಅಖ್ತರ್ ಬಾನು ಒಳ್ಳೆಯವಳು. "ಮಕ್ಳು ಅಲ್ವಾ ಅಕ್ಕ, ಬಿಡಿ" ಅಂದಳು. ಆದರೆ ಅಂದಿನಿಂದ ಮಗಳನ್ನು ನಮ್ಮ ಮನೆಗೆ ಕಳಿಸಿಲ್ಲ. ನಾನಾಗಿದ್ದರೂ ಕಳಿಸುತ್ತಿರಲಿಲ್ಲ.

ಆದ್ದರಿಂದ ಭಾನುವಾರ ಬರಬೇಡ. ದೊಡ್ಡಪ್ಪನಿಗೂ ಹೇಳಿದ್ದೇನೆ. ಬಂದರೆ ಗೇಟಿನ ಬೀಗ ತೆಗೆಯುವುದಿಲ್ಲ. ಇದು ನನ್ನೊಬ್ಬಳ ಮಾತಲ್ಲ. ಯಾರಿಗೂ ಎದುರಾಡದ ನಿನ್ನ ಭಾವ, "ಅವ್ನು ನಿನ್ ತಮ್ಮ, ನಿಜ. ಆದ್ರೆ ಆ ಮಗು ನನ್ ಕೈ ನೋಡಿ ಹೆದ್ರುತ್ತಲ್ಲ, ನಾನೇನ್ ಮಾಡಿದ್ದೆ ಅದಕ್ಕೆ?" ಅಂದರು. ಇಂಪನಾಳನ್ನು ಇಲ್ಲೇ ಸ್ಕೂಲಿಗೆ ಸೇರಿಸುತ್ತೇವೆ. ಬಿಂದು ಇಲ್ಲಿರಬೇಕೋ, ತವರಿಗೆ ಹೋಗಬೇಕೋ ಅವಳೇ ತೀರ್ಮಾನ ಮಾಡಲಿ. ನಿನ್ನ ಮನೆಗಂತೂ ಕಳಿಸುವುದಿಲ್ಲ.

ಯಾರ ಕೈಯಲ್ಲೂ ಸ್ವೀಟ್ ಡಬ್ಬಿಯನ್ನಂತೂ ಕಳಿಸಲೇಬೇಡ. ನಿನ್ನ ಭಾವ ಸೋಮವಾರ ಲಾಡು ತಂದರು, ನಿನ್ನೆ ಮತ್ತೆ ತಂದರು. ಏನೂ ಆಗದ ದಿನವೂ ಮನೆಗೆ ಸಿಹಿ ಬರುತ್ತದೆಂದು ಅವಳಿಗೆ ತೋರಿಸಬೇಕಂತೆ. ಎರಡು ಸಲವೂ ಅವಳು ಮೊದಲು ನನ್ನ ಕೈ ನೋಡಿದಳು. ಲಾಡು ಮುಟ್ಟಲಿಲ್ಲ.

ಆಶೀರ್ವಾದ ಬರೆಯಲು ಈಗಲೂ ಮನಸ್ಸಾಗುತ್ತಿಲ್ಲ ಕಿಟ್ಟಿ.

ನಿನ್ನ ಬೆನ್ನಿಗೆ ಹುಟ್ಟಿದವಳಲ್ಲ, ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಪುಷ್ಪಲತಾ

ವಿ.ಸೂ.: ಅಮ್ಮ ಕೊತ್ತಗೆರೆಯಲ್ಲಿ ಇಲ್ಲ. ಬಿಂದು ಮತ್ತು ಮಗುವನ್ನು ಕೈಹಿಡಿದು ಗುಬ್ಬಿ ಬಸ್ಸಿಗೆ ಹತ್ತಿಸಿ, ತಾನೂ ಹತ್ತಿ ಬಂದವಳು ಅವಳೇ. ಈ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಜಗಲಿಯ ಮೇಲೆ ನೀನು ಕೇಳಿದ ಮಾತು ಬಂದಾಗ, "ಅವತ್ತು ನಂಗೂ ಕೇಳುಸ್ತು ಕಣವ್ವ. ಅವತ್ತೇ ನಿಮ್ಮಿಬ್ರುನ್ನೂ ಕರ್ಕೊಂಡು ಎದ್ದೋಗ್ಬೇಕಿತ್ತು" ಅಂದಳು. ನಾಳೆ ಬಿಂದು ತುಮಕೂರಿನ ಮಹಿಳಾ ಠಾಣೆಗೆ ದೂರು ಕೊಡುತ್ತಾಳೆ. ನೋಡಿದವರು ಯಾರಿದ್ದಾರೆ ಅಂತ ಕೇಳುತ್ತಾರಲ್ಲ, ಅದಕ್ಕೆ ಅಮ್ಮ ಹೋಗುತ್ತಿದ್ದಾಳೆ. ಹೆಬ್ಬೆಟ್ಟು ಒತ್ತುತ್ತಿದ್ದವಳು ನಿನ್ನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಬೇಕೆಂದು ಹೆಸರು ಬರೆಯಲು ಕಲಿತಳು. ಸ್ಲೇಟಿನ ಮೇಲೆ ಅವಳ ಕೈ ಹಿಡಿದು ಹನುಮಕ್ಕ ಅಂತ ತಿದ್ದಿಸಿದವನು ನೀನೇ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಠಾಣೆಯಲ್ಲಿ ಆ ಸಹಿ ಬಿದ್ದಿರುತ್ತದೆ.