ಅಂಚು ಕತ್ತರಿಸಿದ ಎಂಬತ್ತೆಂಟು ಚಿತ್ರಗಳು

ಮಹಡಿ ಮನೆ,
ಮಂಗಳವಾರ, ತಾರೀಕು ಹದಿನಾಲ್ಕು

ಪ್ರೀತಿಯ ಗುಂಡೀ,

ಹೇಗಿದ್ದೀಯ? ಪಾದದ ಊತ ಇಳಿಯಿತೇ? ರೋಗಿಗಳಿಗೆಲ್ಲ ಕಾಲು ಎತ್ತರಕ್ಕಿಟ್ಟು ಮಲಗಿ ಅಂತ ಗದರುವ ನರ್ಸಮ್ಮ, ತಾನು ಮಾತ್ರ ಹನ್ನೆರಡು ಗಂಟೆ ನಿಂತೇ ಇರುತ್ತಾಳೆ. ಅಳಿಯಂದಿರ ಕೆಮ್ಮು ವಾಸಿಯಾಯಿತೇ? ಮೊಮ್ಮಗಳ ಹಲ್ಲಿಗೆ ತಂತಿ ಹಾಕಿಸಿದಿರಂತೆ, ಪಾಪ, ಕಡಲೆ ಕಂಡರೆ ಬಿಡದ ಮಗು ಅದು. ನಲವತ್ತೆರಡು ವರ್ಷದವಳನ್ನು ಇನ್ನೂ ಗುಂಡಿ ಅನ್ನುತ್ತಾಳಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಒಂದೂವರೆ ವರ್ಷದವಳಿದ್ದಾಗ ನನ್ನ ಹೊಲಿಗೆ ಡಬ್ಬದಿಂದ ಕೋಟಿನ ಗುಂಡಿ ನುಂಗಿ ಎಲ್ಲರ ಜೀವ ಬಾಯಿಗೆ ತಂದವಳು ನೀನೇ. ಹೆಸರಿಟ್ಟವರು ನಿಮ್ಮಪ್ಪ. ಅದನ್ನು ಬದಲಾಯಿಸುವ ಅಧಿಕಾರ ನನಗಿಲ್ಲ.

ನಾನು ಚೆನ್ನಾಗಿದ್ದೇನೆ. ಅಥವಾ ಏನೂ ಅನ್ನಿಸುತ್ತಿಲ್ಲ, ಅದನ್ನೇ ಚೆನ್ನಾಗಿರುವುದು ಅಂದುಕೊಂಡಿದ್ದೇನೆ. ಅಪ್ಪ ಹೋಗಿ ಏಳು ವಾರವಾಯಿತು, ಇನ್ನೂ ಅಳು ಬಂದಿಲ್ಲ. ಕೆಳಮನೆಯಾಕೆ ದಿನಾ ಮೇಲೆ ಹತ್ತಿ ಬಂದು ನನ್ನ ಮುಖವನ್ನೇ ನೋಡುತ್ತಾಳೆ, ಇವತ್ತಾದರೂ ಅಳುತ್ತಾಳೇನೋ ಅಂತ. ಬರಿಗೈಯಲ್ಲಿ ಕಳಿಸುವುದಕ್ಕೆ ನನಗೇ ಸಂಕೋಚವಾಗಿ ಒಂದು ಲೋಟ ಕಾಫಿ ಕೊಡುತ್ತೇನೆ. ಹೊಲಿಗೆ ನಿಲ್ಲಿಸಿಲ್ಲ. ಮೊನ್ನೆ ಒಂದು ಬಿಳಿ ರವಿಕೆಗೆ ಕೈಹೊಲಿಗೆ ಹಾಕುತ್ತಿದ್ದೆ. ಬೆರಳಿಗೆ ಸೂಜಿ ಚುಚ್ಚಿದ್ದು ನನಗೆ ಗೊತ್ತಾಗಲೇ ಇಲ್ಲ, ಬಟ್ಟೆಯ ಮೇಲೆ ಕೆಂಪು ಕಂಡಾಗಲೇ ಗೊತ್ತಾದದ್ದು. ರವಿಕೆ ತಣ್ಣೀರಲ್ಲಿ ನೆನೆಹಾಕಿದೆ, ಕಲೆ ಹೋಯಿತು.

ಈಗ ಬರೆಯಬೇಕಾದದ್ದಕ್ಕೆ ಬರುತ್ತೇನೆ. ಅಪ್ಪನ ಕೋಣೆ ಖಾಲಿಯಾಗುತ್ತಿದೆ. ಅವರು ಬದುಕಿದ್ದಾಗಲೇ ಸಿನಿಮಾ ಸಂಗ್ರಹಾಲಯಕ್ಕೆ ಕಾಗದ ಬರೆದಿಟ್ಟಿದ್ದರಂತೆ, ನನ್ನ ನಂತರ ಪೋಸ್ಟರುಗಳೆಲ್ಲ ನಿಮಗೆ ಅಂತ. ನನಗೂ ಹೇಳಿರಲಿಲ್ಲ. ಕಳೆದ ವಾರದಿಂದ ಅಲ್ಲಿನ ಒಬ್ಬಾಕೆ ಬರುತ್ತಿದ್ದಾಳೆ. ದಪ್ಪ ಕನ್ನಡಕ, ಕೈಗೆ ಬಿಳಿ ಗವಸು. ಮೊದಲ ಮೂರು ದಿನ ನೆಲದ ಮೇಲೆ ಕೂತು ಒಂದೊಂದೇ ಪೋಸ್ಟರ್ ಬಿಡಿಸಿ ನೋಡಿ ಬರೆದುಕೊಂಡಳು. ನಾಲ್ಕು ಮಡಿಕೆಯ ದೊಡ್ಡ ಪೋಸ್ಟರುಗಳನ್ನು ಅವಳು ಬಿಚ್ಚುವ ರೀತಿ ನೋಡಿದರೆ, ಬಾಣಂತಿ ಕೋಣೆಯಲ್ಲಿ ಮಗುವಿನ ಬಟ್ಟೆ ಬದಲಿಸುವವರೂ ಅಷ್ಟು ಮೆತ್ತಗೆ ಕೈಯಾಡಿಸುವುದಿಲ್ಲ. ಕೋಣೆಯ ಬೀಗದ ಕೈ ಅಪ್ಪನ ಅಂಗಿಯ ಜೇಬಿನಲ್ಲೇ ಇತ್ತು. ಮೂವತ್ತಮೂರು ವರ್ಷ ಆ ಕೋಣೆಗೆ ನನಗೂ ಗುಡಿಸುವುದಕ್ಕೆ ಮಾತ್ರ ಪ್ರವೇಶ, ಅದೂ ಅವರೇ ಬಾಗಿಲಲ್ಲಿ ಕಾವಲು ನಿಂತಾಗ.

ನಿನಗೆ ಆ ಬೀಗದ ಮೇಲೆ ಎಷ್ಟು ಸಿಟ್ಟು ಅಂತ ಗೊತ್ತು. ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ ನೀನು ಆ ಬಾಗಿಲ ಮುಂದೆ ನಿಂತು, “ಈಗಲಾದ್ರೂ ತೆಗೀತೀರಾ, ಇಲ್ಲಾ ಈಗ್ಲೂ ನಾನು ಒಳಗೆ ಹೋಗೋ ಹಾಗಿಲ್ವಾ?” ಅಂದೆ. ಬೀಗದ ಕೈ ಹುಡುಕೋಣ ಬಾ ಅಂದರೆ, “ನಾನು ಸತ್ತರೂ ಆ ಕೋಣೆಗೆ ಕಾಲಿಡಲ್ಲ, ಅವರಿಗೆ ನನಗಿಂತ ಕಾಗದಾನೇ ಹೆಚ್ಚಾಗಿತ್ತು” ಅಂದು ಬೆಳಗಿನ ಬಸ್ಸಿಗೆ ಹೊರಟುಬಿಟ್ಟೆ. ನಾನೂ ಹಾಗೇ ಅಂದುಕೊಂಡಿದ್ದೆ, ಗುಂಡಿ. ಸುಳ್ಳು ಯಾಕೆ ಹೇಳಲಿ.

ನಿನಗೆ ಮಂಗನಬಾವು ಬಂದ ವರ್ಷ ನೆನಪಿದೆಯೇ? ಒಂಬತ್ತು ವರ್ಷ ನಿನಗೆ. ಎರಡೂ ಕೆನ್ನೆ ಬನ್ನಿನ ಹಾಗೆ ಊದಿಸಿಕೊಂಡು ಮನೆಯಲ್ಲಿ ಕೂತು ಬೇಸರ ಅಂತ ಗೋಳಾಡುತ್ತಿದ್ದೆ. ಅಪ್ಪ ಆಗ ಫಿಲಂ ಹಂಚುವ ಕಚೇರಿಯಲ್ಲಿ ಡಬ್ಬಗಳನ್ನು ಕಳಿಸುವ ಗುಮಾಸ್ತರು. ಚಿತ್ರಮಂದಿರಗಳಿಂದ ವಾಪಸು ಬಂದ ಲಾಬಿ ಕಾರ್ಡುಗಳನ್ನು, ಅದೇ, ಟಿಕೆಟ್ ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸಿನಿಮಾಕ್ಕೆ ಎಂಟರಂತೆ ಚುಚ್ಚಿಡುತ್ತಿದ್ದ ಚಿತ್ರಗಳನ್ನು, ಕಸಕ್ಕೆ ಹೋಗಲು ಬಿಡದೆ ಮನೆಗೆ ತರುತ್ತಿದ್ದರು. ಹನ್ನೊಂದು ಸಿನಿಮಾ, ಎಂಬತ್ತೆಂಟು ಕಾರ್ಡು. ಅಂಚೆಲ್ಲ ಹಳದಿ, ಮೂಲೆಗಳಲ್ಲಿ ಪಿನ್ನಿನ ತೂತು, ಅಲ್ಲಲ್ಲಿ ಹರಿದಿತ್ತು. ನೂಲು ಬಿಟ್ಟ ಅಂಚು ಕಂಡರೆ ದರ್ಜಿಯ ಕೈ ಸುಮ್ಮನಿರುತ್ತದೆಯೇ? ಅಪ್ಪನ ಹುಟ್ಟಿದ ದಿನಕ್ಕೆ ಎಲ್ಲವನ್ನೂ ಒಪ್ಪ ಮಾಡಿ ಆಲ್ಬಮ್ಮಿಗೆ ಹಾಕಿ ಕೊಡೋಣ ಅಂದವಳು ನಾನು. ಗುರುತು ಹಾಕದೆ ಕತ್ತರಿ ಇಡಬಾರದು ಅನ್ನುವುದು ನನ್ನ ಅಂಗಡಿಯ ಕಟ್ಟುನಿಟ್ಟು. ಅದಕ್ಕೇ ನೀನು ಸ್ಕೇಲು ಹಿಡಿದು ನಾಲ್ಕೂ ಬದಿಗೆ ಪೆನ್ಸಿಲಿನಿಂದ ಗೆರೆ ಹಾಕಿದೆ, ನಾನು ಕತ್ತರಿಸಿದೆ. ಐದು ದಿನ ಹಿಡಿಯಿತು. ಕೆಂಪು ಬಟ್ಟೆಯ ರಟ್ಟು ಹಾಕಿ ಆಲ್ಬಮ್ ಹೊಲಿದೆ.

ಅಪ್ಪ ಅದನ್ನು ಮೊದಲ ಪುಟದಿಂದ ಕೊನೆಯವರೆಗೆ ಒಂದೂ ಬಿಡದೆ ತಿರುವಿದರು. ಆಮೇಲೆ, “ಎಷ್ಟು ನೇರವಾಗಿ ಕತ್ತರಿಸಿದ್ದೀಯೇ” ಅಂದರು, ನಿನ್ನ ತಲೆ ಸವರಿದರು. ಹೊಟ್ಟೆ ಸರಿಯಿಲ್ಲ ಅಂತ ಊಟ ಬಿಟ್ಟರು. ನಾವಿಬ್ಬರೂ ಎರಡೆರಡು ಸಲ ಬಡಿಸಿಕೊಂಡು ತಿಂದೆವು. ಮುಂದಿನ ಭಾನುವಾರ ಬೀಗ ಬಂತು. ಪೋಸ್ಟರ್ ಹುಚ್ಚಿನ ಅವರ ಗೆಳೆಯರು ಭಾನುವಾರ ಭಾನುವಾರ ಮನೆಗೆ ಬರುತ್ತಿದ್ದರಲ್ಲ, ಅದೂ ನಿಂತಿತು. ಜಗಳವಾಗಿರಬೇಕು ಅಂದುಕೊಂಡೆ. ಪೀಡೆ ತೊಲಗಿತು, ಕಾಫಿಪುಡಿ ಉಳಿಯಿತು ಅಂತಲೂ ಅಂದುಕೊಂಡೆ.

ಮೊನ್ನೆ ಆ ಕನ್ನಡಕದಾಕೆ ಕೆಂಪು ಆಲ್ಬಮ್ ತೆರೆದು ಒಂದು ಕಾರ್ಡಿನ ನಾಲ್ಕೂ ಬದಿಗೆ ಬೆರಳಾಡಿಸಿದಳು. ಆಮೇಲೆ, “ಅಮ್ಮಾ, ಇಷ್ಟು ನೇರವಾಗಿ ಕತ್ತರಿಸಿದೋರು ಯಾರು?” ಅಂದಳು. ಅಪ್ಪನದ್ದೇ ಮಾತು ನೋಡು. ನಾನು ಬೀಗಿಹೋದೆ. “ನಾನೇ, ಮಗಳು ಗುರುತು ಹಾಕಿದ್ಲು” ಅಂದೆ. ಅವಳಿಗೆ ಹೇಳಲು ಮನಸ್ಸಿರಲಿಲ್ಲ. ನಾನೇ ಒತ್ತಾಯ ಮಾಡಿ ಕೇಳಿದೆ. ಸಿನಿಮಾದ ಹೆಸರು, ಕಾರ್ಡಿನ ಸಂಖ್ಯೆ, ಅಚ್ಚು ಹಾಕಿದವರ ಗುರುತು ಎಲ್ಲ ಇರುವುದು ಅಂಚಿನಲ್ಲಂತೆ. ಪಿನ್ನಿನ ತೂತಿದ್ದರೂ ಪರವಾಗಿಲ್ಲವಂತೆ, ಹರಿದಿದ್ದರೂ ಪರವಾಗಿಲ್ಲವಂತೆ. ಅಂಚು ಹೋದರೆ ಸಂಗ್ರಹ ಮಾಡುವವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ಆ ಹನ್ನೊಂದರಲ್ಲಿ ನಾಲ್ಕು ಸಿನಿಮಾಗಳ ರೀಲು ಕೂಡ ಈಗ ಎಲ್ಲೂ ಉಳಿದಿಲ್ಲ, ಈ ಕಾರ್ಡುಗಳಷ್ಟೇ ಉಳಿದಿರುವುದು ಅಂದಳು.

ಗೆಳೆಯರು ಬಂದಿದ್ದರೆ ಆಲ್ಬಮ್ ತೆಗೆಯುತ್ತಿದ್ದರು. ತೆಗೆದರೆ ಕಾರ್ಡುಗಳು ಹಾಳಾದವು ಅಂತ ನಮ್ಮೆದುರಿಗೇ ಬಾಯಿಬಿಟ್ಟು ಹೇಳುತ್ತಿದ್ದರು. ಅದಕ್ಕೇ ಅಪ್ಪ ಅವರನ್ನು ಮನೆಗೆ ಕರೆಯುವುದನ್ನು ಬಿಟ್ಟರು ಅಂತ ಈಗ ನನಗೆ ಅನ್ನಿಸುತ್ತದೆ. ಬೀಗ ಹಾಕಿದ್ದು ಯಾಕೆ ಅಂತ ಹೇಳಲಾರೆ. ನನ್ನ ಕತ್ತರಿಗೆ ಹೆದರಿಯೂ ಇರಬಹುದು. ಸಿಟ್ಟೂ ಇದ್ದಿರಬಹುದು, ಅವರೇನು ದೇವರಲ್ಲ. ಬಾಯಿಬಿಟ್ಟು ಒಂದು ಮಾತು ಬೈದಿದ್ದರೆ ನಾವಿಬ್ಬರೂ ಒಂದು ದಿನ ಅತ್ತು ಮುಗಿಸುತ್ತಿದ್ದೆವು, ನೀನು ಇಷ್ಟು ವರ್ಷ ಬಾಗಿಲಾಚೆ ನಿಲ್ಲಬೇಕಿರಲಿಲ್ಲ. ಅಷ್ಟು ಮಾತ್ರ ಅವರ ತಪ್ಪು. ಕತ್ತರಿ ನನ್ನದು, ಯೋಚನೆ ನನ್ನದು. ನೀನು ಮಗು, ಹೇಳಿದ ಕಡೆ ಗೆರೆ ಹಾಕಿದೆ. ಇದನ್ನು ನೀನು ಬೇರೆಯವರ ಬಾಯಲ್ಲಿ ಕೇಳಬಾರದು ಅಂತ ಬರೆದೆ. ಆಕೆ ಹೇಳಿದ ದಿನದಿಂದ ನಾನು ದೊಡ್ಡ ಕತ್ತರಿ ಮುಟ್ಟಿಲ್ಲ. ದುಃಖಕ್ಕೇನಲ್ಲ, ಕೈ ಹೋಗುತ್ತಿಲ್ಲ ಅಷ್ಟೆ. ಕೆಳಮನೆಯಾಕೆಯ ಲಂಗ ಹಾಗೇ ಬಿದ್ದಿದೆ.

ಕಾಲಿಗೆ ಬಿಸಿನೀರು ಹಾಕಿಕೋ. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಮೊಮ್ಮಗಳ ತಂತಿ ಹಲ್ಲಿನ ನಗುವಿಗೆ ಅಜ್ಜಿಯದೊಂದು ಮುತ್ತು. ನಿನ್ನ ಮನೆ ಬೆಚ್ಚಗಿರಲಿ, ಮಗಳೇ.

ಇಂತು,
ನಿನ್ನ ಅಮ್ಮ

ತಾ. ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಕನ್ನಡಕದಾಕೆ ಅಪ್ಪನ ಕೋಣೆಯಿಂದ ಕೂಗಿದಳು. ಅಟ್ಟದ ಮೇಲಿದ್ದ ಹಳೇ ಫಿಲಂ ಡಬ್ಬದಲ್ಲಿ ಹನ್ನೊಂದು ಕವರು ಸಿಕ್ಕಿವೆ. ನಾನು ಗುಡಿಸಿ ಕಸದ ಬುಟ್ಟಿಗೆ ಹಾಕಿದ್ದ ಅಂಚಿನ ಚೂರುಗಳು ಅಷ್ಟೂ ಅದರಲ್ಲಿವೆ. ಅಪ್ಪ ಆಯ್ದು, ಸಿನಿಮಾವಾರು ಜೋಡಿಸಿಟ್ಟಿದ್ದಾರೆ. ಗೆರೆ ಮಾತ್ರವಲ್ಲ, ಒಂದೊಂದು ಚೂರಿನ ಮೇಲೂ ನೀನು ಪೆನ್ಸಿಲಿನಲ್ಲಿ “ಇಲ್ಲಿ ಕತ್ತರಿಸು ಅಮ್ಮ” ಅಂತ ಬರೆದಿದ್ದೀಯ, ನನಗೆ ಮರೆತೇ ಹೋಗಿತ್ತು. ಕಾರ್ಡುಗಳಿಗೆ ಇವನ್ನು ಗೊತ್ತಾಗದ ಹಾಗೆ ಮತ್ತೆ ಅಂಟಿಸಬಹುದಂತೆ, ಆದರೆ ಮೊದಲು ಪೆನ್ಸಿಲ್ ಪೂರ್ತಿ ಅಳಿಸಬೇಕಂತೆ. ಹನ್ನೊಂದು ಕವರಿನ ಮೇಲೂ ಅಪ್ಪ ಒಂದೇ ಮಾತು ಬರೆದಿದ್ದಾರೆ: “ನನ್ನ ಗುಂಡಿಯ ಅಕ್ಷರ. ಅಳಿಸಬಾರದು.” ಏನು ಮಾಡಲಿ ಅಂತ ಆಕೆ ಕೇಳಿದಳು. ಅಕ್ಷರ ನನ್ನ ಮಗಳದು, ಅವಳೇ ಹೇಳಬೇಕು ಅಂದೆ. ಶುಕ್ರವಾರ ಹನ್ನೊಂದಕ್ಕೆ ವ್ಯಾನು ಬರುತ್ತದೆ. ಬೀಗ ತೆಗೆದು ಬಿಸಾಡಿದ್ದೇನೆ. ಡಬ್ಬ ಕೋಣೆಯೊಳಗೆ ಅಪ್ಪನ ಮೇಜಿನ ಮೇಲಿದೆ. ನಾನು ಅದನ್ನು ಹೊರಗೆ ತಂದುಕೊಡುವುದಿಲ್ಲ, ನೀನೇ ಒಳಗೆ ಬರಬೇಕು.