ಹಳ್ಳದ ನಸುಗೆಂಪು

ತೊರಗಲ್,
ಜೂನ್ ೯, ಸೋಮವಾರ

ಚಿರಂಜೀವಿ ಕಾಂತೇಶನಿಗೆ ನಿಮ್ಮ ಕಾಕಾ ಮಾಡುವ ಆಶೀರ್ವಾದ.

ಹೇಗಿದ್ದೀ? ಪಿತ್ತದ ತಲೆನೋವು ಇಳಿಯಿತೆ? ಚಹಾ ಬಿಡು ಅಂದರೆ ಬಿಡುವವನಲ್ಲ ನೀನು. ನಿಮ್ಮವ್ವ, ಅಂದರೆ ನಮ್ಮ ವೈನಿ, ಬೆಳಗಿನಿಂದ ಹೊಟ್ಟೆ ತೊಳಸುತ್ತದೆಂದು ಶುಂಠಿ ಕಷಾಯ ಕುಡಿದು ಮಲಗಿದ್ದಾರೆ. ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಪಕ್ಕದ ಮನೆಯ ಬಾಳೇಶನ ಕೈಯಲ್ಲಿ ಈ ಪತ್ರ ಕೊಟ್ಟು, ನೀರು ಪರೀಕ್ಷೆ ಮಾಡುವ ನಿನ್ನ ಕಚೇರಿಗೇ ಕಳಿಸುತ್ತಿದ್ದೇನೆ.

ಹಳ್ಳದ ನೀರು ಬಣ್ಣಗೆಟ್ಟಿದೆ ಎಂದು ದೂರು ಕೊಟ್ಟವನು ನಾನು. ಉತ್ತರವಾಗಿ ನಿನ್ನ ಸಹಿಯ ವರದಿ ಪಂಚಾಯತಿ ಗೋಡೆಗೆ ಬಂತು: "ನೀರಿಗೆ ನಸುಗೆಂಪು ಛಾಯೆ ಇದೆ. ಆತಂಕಕ್ಕೆ ಕಾರಣವಿಲ್ಲ." ನಸು ಎಂದರೆ ಚೂರು, ನಿಜ. ಆದರೆ ಅದು ಹಳೆಗನ್ನಡದಿಂದ ಬಂದ ಮಾತಪ್ಪ. ನಸುಕು, ನಸುನಗೆ ಅದರ ಬಳಗ. ನಸುಕು ಹರಿದು ಬೆಳಕಾಗುತ್ತದೆ, ನಸುನಗೆ ಬಾಯಿತುಂಬ ನಗುವಾಗುತ್ತದೆ. ಏನೋ ಶುರುವಾಗಿದೆ ಎನ್ನಲು ಹಿರಿಯರು ಬಳಸಿದ ಮಾತನ್ನು ಏನೂ ಆಗಿಲ್ಲ ಎನ್ನಲು ನೀನು ಬಳಸಿದೆ. ಹಳ್ಳದ ಮೇಲುಗಡೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಎದ್ದದ್ದು ನಿನಗೆ ಗೊತ್ತಿಲ್ಲವೆ?

ವರದಿ ಓದಿಸಿಕೊಂಡ ಹೆಂಗಸರಿಗೆ ಹಿಗ್ಗೇ ಹಿಗ್ಗು. "ಹೊಸ ನೀರು ಬಂದೈತಿ, ಉಡಿ ತುಂಬೂಣು ನಡೀರವಾ!" ಮುಂಗಾರಿನ ಮೊದಲ ಕೆಂಪು ನೀರು ಬಂದರೆ ಗಂಗವ್ವ ಬಸುರಿಯಾದಳೆಂದು ಕುಪ್ಪಸದ ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು ಬಿಟ್ಟು ಒಂದು ಬೊಗಸೆ ನೀರು ಕುಡಿಯುವುದು ನಮ್ಮ ಪದ್ಧತಿಯಲ್ಲವೆ? ನವಿಲುತೀರ್ಥದ ಅಣೆಕಟ್ಟು ಕಟ್ಟುವ ಮೊದಲಿನಿಂದ ನಾನು ಹೊಸ ನೀರು ಕಂಡವನು. ಅದಕ್ಕೆ ಮಣ್ಣಿನ ವಾಸನೆ ಇರುತ್ತದೆ, ಧೋತರಕ್ಕೆ ಹತ್ತಿದರೆ ಒಂದೇ ಒಗೆತಕ್ಕೆ ಬಿಡುತ್ತದೆ. ಇದು ಸಾಬೂನಿಗೂ ಜಗ್ಗಲಿಲ್ಲ. ದಂಡೆಯ ಮೇಲೆ ನಿಂತು ಕೂಗಿದೆ: "ವೈನಿ, ಮಳೀನ ಆಗಿಲ್ಲ, ಹೊಸ ನೀರು ಎಲ್ಲಿಂದ ಬರತೈತ್ರಿ?" ಅವರು ಬೊಗಸೆ ಎತ್ತಿದವರು ಇಳಿಸಲಿಲ್ಲ. "ಬುಕ್ಕ ಓದಿ ಓದಿ ನಿನಗ ಗಂಗವ್ವನ ಮ್ಯಾಲೂ ಸಂಶೇ ಬಂತೇನೋ ಸೋಮಪ್ಪಾ? ನನ್ನ ಮಗಾನ ಬರದಾನ, ಏನೂ ಆಗಂಗಿಲ್ಲ."

ಉಳಿದವರು ಅವರನ್ನು ನೋಡಿ ಕುಡಿದರು. ಇವತ್ತೂ ಕೊಡ ತುಂಬುತ್ತಿದ್ದಾರೆ. ನಾನು ಹೇಳಿದರೆ ಗೋಡೆಯ ಕಡೆ ಬೆರಳು ತೋರಿಸುತ್ತಾರೆ. ಆ ವರದಿ ಹಿಂದಕ್ಕೆ ತಗೋ, ಕಾಂತೇಶ. ನಿನ್ನ ಕಚೇರಿಯ ಸಾಹೇಬರು ಸಿಟ್ಟಾದರೆ ಆಗಲಿ.

ಕಲ್ಮೇಶ್ವರ ನಿನಗೆ ಆಯುಷ್ಯವನ್ನೂ ಗಟ್ಟಿ ಎದೆಯನ್ನೂ ಕೊಡಲಿ.

ನಿನ್ನ ಕಾಕಾ,
ಸೋಮಪ್ಪ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ವೈನಿ ಬಚ್ಚಲ ಬಾಗಿಲಲ್ಲಿ ಬಿದ್ದರು. ಇದನ್ನು ರಾಮದುರ್ಗದ ದವಾಖಾನೆಯಿಂದ ಬರೆಯುತ್ತಿದ್ದೇನೆ. ಸಲೈನ್ ಹಚ್ಚಿದ್ದಾರೆ. ಕುಡಿದ ನೀರಿನಲ್ಲಿ ಯಾವ ರಸಾಯನವಿತ್ತು ಎಂದು ಡಾಕ್ಟರು ಮತ್ತೆ ಮತ್ತೆ ಕೇಳುತ್ತಾರೆ. ಗೊತ್ತಿರುವುದು ನಿನಗೊಬ್ಬನಿಗೇ. ಅವರ ನಂಬರು ಈ ಹಾಳೆಯ ಹಿಂಬದಿಗೆ ಬರೆದಿದ್ದೇನೆ. ವೈನಿ ನನ್ನ ಕೈ ಹಿಡಿದು, "ಕಾಂತೇಶಗ ಹೇಳಬ್ಯಾಡೋ, ಅವನ ನೌಕರಿಗೆ ಕುತ್ತ ಬರತೈತಿ" ಅಂದರು. ನಾನು ಹೇಳಿದ್ದೇನೆ. ಈಗ ನೀನು ಡಾಕ್ಟರಿಗೆ ಹೇಳು.